ಮೂರು ವಿಷಲ್ ದೇವರಿಗೆ, ಮೂರು ವಿಷಲ್ ವಿಜ್ಞಾನಕ್ಕೆ

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೆ ಎಂದು ಹೇಳಿದರೂ ನಂಬಬೇಡಿ! ಇಡೀ ಶಿಡ್ಲಘಟ್ಟದಲ್ಲಿ ದೇವರನ್ನೂ ವಿಜ್ಞಾನವನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, “ಜಗಳ ಆಡ್ಬೇಡಿ, ಒಬ್ರಾದ್ಮೇಲೆ ಒಬ್ರು ಮಾತಾಡಿ” ಎಂದು ಗದರಿಸುವ ಧೈರ್ಯ ಇರುವುದು ಅವರೊಬ್ಬರಿಗೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಅವರ ಜೊತೆಯ ಮೇಷ್ಟ್ರುಗಳೆಲ್ಲ ಬೆಳಿಗ್ಗೆ ವಾಕಿಂಗ್ ಹೋದರು, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿಕೊಂಡರು, ಮೊಮ್ಮಕ್ಕಳನ್ನು ಎತ್ತಿಕೊಂಡರು. ನಮ್ಮ ಮಾವ ಮಾತ್ರ ವಿಜ್ಞಾನಕ್ಕೂ ದೇವರಿಗೂ ರಾಜಿ ಮಾಡಿಸಲು ಹೊರಟರು. ಅವರಿಬ್ಬರಲ್ಲಿ ಯಾರಾದರೂ ಬಂದು ಇವರ ಹತ್ತಿರ ದೂರು ಕೊಟ್ಟಿದ್ದರೇ? ಇಲ್ಲವಲ್ಲ!

ರಾಜಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ. “ರಾಜಿ ಅಲ್ಲ ಕಣಮ್ಮ, ಸಂವಾದ. ರಾಜಿ ಅಂದ್ರೆ ಇಬ್ರೂ ಬಾಯಿ ಮುಚ್ಕೊಳೋದು. ಸಂವಾದ ಅಂದ್ರೆ ಇಬ್ರೂ ಬಾಯಿ ಬಿಡೋದು” ಎನ್ನುತ್ತಾರೆ. ಇದರಿಂದ ಎರಡು ಕಡೆಯವರಿಗೂ ಅವರ ಮೇಲೆ ಗುಮಾನಿ. ಪೂಜೆ ಪುನಸ್ಕಾರದವರು ಅವರನ್ನು ನಾಸ್ತಿಕ ಎನ್ನುತ್ತಾರೆ, ಯಾಕೆಂದರೆ ಸತ್ಯನಾರಾಯಣ ಪೂಜೆಯ ಕಥೆ ಮುಗಿದ ಕೂಡಲೇ ಮಾವ ಕೈ ಎತ್ತಿ “ಒಂದು ಪ್ರಶ್ನೆ” ಎನ್ನುತ್ತಾರೆ. ಹಳೆಯ ವಿಜ್ಞಾನ ಮೇಷ್ಟ್ರುಗಳು ಅವರನ್ನು ಮೂಢನಂಬಿಕೆಯವರು ಎನ್ನುತ್ತಾರೆ, ಯಾಕೆಂದರೆ ಪ್ರಶ್ನೆ ಕೇಳಿದ ಮೇಲೆ ಅದೇ ಪೂಜೆಯ ಪ್ರಸಾದವನ್ನು ಮೂರು ಸಲ ಹಾಕಿಸಿಕೊಳ್ಳುತ್ತಾರೆ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಈ ವರ್ಷ ಆ ಸಂವಾದ ಬೀದಿ ಬಿಟ್ಟು ಅವರ ಮನೆಯೊಳಕ್ಕೇ ಬಂತು. ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಹೃದಯದ ಒಂದು ವಾಲ್ವು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ತಡ ಮಾಡದೆ ಆಪರೇಷನ್ ಆಗಬೇಕು ಎಂದರು ಬೆಂಗಳೂರಿನ ಡಾಕ್ಟರು. ಮಾಡಿಸದಿದ್ದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ತಣ್ಣಗೆ ಹೇಳಿದರು: “ಗಂಗಮ್ಮನ್ನ ಕೇಳ್ದೆ ನನ್ನ ಎದೆ ಮೇಲೆ ಯಾರೂ ಕತ್ತಿ ಆಡ್ಸಂಗಿಲ್ಲ. ಅಮ್ಮ ಬಲಗಡೆ ಹೂ ಕೊಟ್ರೆ ಬರ್ತೀನಿ. ಎಡಗಡೆ ಕೊಟ್ರೆ, ಇರೋಷ್ಟು ದಿನ ಇರ್ತೀನಿ.”

ಹೂ ಕೇಳುವುದು ನಿಮಗೆ ಗೊತ್ತಿರಬೇಕು. ಗುಡಿಯಲ್ಲಿ ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಅತ್ತೆ ಮದುವೆಗೆ ಒಪ್ಪಿದ್ದು, ಮನೆ ಕಟ್ಟಿಸಿದ್ದು, ಹಸು ತಂದಿದ್ದು ಎಲ್ಲ ಹೀಗೆಯೇ. ಇನ್ನು ಈ ಗಂಡನನ್ನು ಕೊಟ್ಟಿದ್ದೂ ಬಲಗಡೆ ಹೂವೇ ಎಂಬುದು ಅಮ್ಮನ ಮೇಲೆ ಅವರಿಗಿರುವ ಒಂದೇ ಒಂದು ತಕರಾರು! ಆ ಗುಡಿಯ ಕಥೆಗೆ ಬರುತ್ತೇನೆ. ಆದರೆ ಈ ಮನುಷ್ಯ ಎಂಥವರು ಎಂದು ಗೊತ್ತಾಗದೆ ಅವರಿಗೆ ಬಂದ ಕಷ್ಟ ಎಂಥದ್ದು ಎಂದು ಗೊತ್ತಾಗುವುದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾವನ ಮನೆಯ ವರಾಂಡದಲ್ಲಿ ಸಂವಾದ ಸಭೆ. ವಿಜ್ಞಾನದ ಕಡೆಯಿಂದ ಮಾವ. ದೇವರ ಕಡೆಯಿಂದ ಕೆರೆಕಟ್ಟೆ ಮೇಲಿನ ಗಂಗಮ್ಮನ ಗುಡಿಯ ಪೂಜಾರಪ್ಪ. ಅಧ್ಯಕ್ಷತೆ ಪಕ್ಕದ ಬೀದಿಯ ಭಾಯ್ ಅವರದು. ಭಾಯ್ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕ ಇಟ್ಟುಕೊಂಡವರು. ಅವರು ಎರಡು ಕಡೆಗೂ ಸೇರಿದವರಲ್ಲ ಎಂಬ ಕಾರಣಕ್ಕೆ ಮಾವ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದು.

“ಅರೇ ಮೇಷ್ಟ್ರೇ, ನಮಗೂ ದೇವ್ರಿದಾನೆ!” ಎಂದು ಭಾಯ್ ಮೊದಲ ದಿನವೇ ಆಕ್ಷೇಪ ಎತ್ತಿದರು.

“ಇರ್ಲಿ ಬಿಡಿ ಭಾಯ್, ಅವನೂ ಅಧ್ಯಕ್ಷ ಆಗ್ಲಿ” ಎಂದರು ಮಾವ.

ನಾನು ಕಾರ್ಯದರ್ಶಿ. ಚಿಂತಾಮಣಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ವಾರವೆಲ್ಲ ಗಂಟಲು ಒಣಗಿಸಿಕೊಂಡು, ಭಾನುವಾರ ಒಂದು ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗೋಣ ಎಂದರೆ ಬಸ್ಸು ಹತ್ತಿ ಬರಬೇಕು, ನಡಾವಳಿ ಪುಸ್ತಕ ಬರೆಯಬೇಕು. ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಮಾವ ಸಭೆಯ ಎದುರಿಗೇ ಹೇಳಿದರು: “ಇವಳಿಗೆ ವಿಜ್ಞಾನಾನೂ ಗೊತ್ತಿಲ್ಲ, ಶಾಸ್ತ್ರಾನೂ ಗೊತ್ತಿಲ್ಲ. ಇಷ್ಟು ನಿಷ್ಪಕ್ಷಪಾತಿ ಎಲ್ಲಿ ಸಿಗ್ತಾರೆ?” ಎಲ್ಲರೂ ತಲೆಯಾಡಿಸಿದರು. ಪೂಜಾರಪ್ಪ ಚಪ್ಪಾಳೆಯನ್ನೂ ತಟ್ಟಿದರು.

ಮಾತಾಡುವವರಿಗೆ ಸಮಯ ಇಷ್ಟು ಎಂದು ಗೊತ್ತುಮಾಡಬೇಕಲ್ಲ? ಪೂಜಾರಪ್ಪನ ವಾಚು ಹಿಂದೆ, ಮಾವನ ವಾಚು ಮುಂದೆ, ಭಾಯ್ ವಾಚನ್ನೇ ಕಟ್ಟುವುದಿಲ್ಲ. ಕೊನೆಗೆ ಅಡುಗೆಮನೆಯ ಕುಕ್ಕರನ್ನು ಪ್ರಮಾಣವೆಂದು ಒಪ್ಪಿಕೊಂಡರು. ದೇವರಿಗೆ ಮೂರು ವಿಷಲ್, ವಿಜ್ಞಾನಕ್ಕೆ ಮೂರು ವಿಷಲ್. ಮೂರನೆಯದು ಕೂಗಿದ ಕೂಡಲೇ ವಾಕ್ಯ ಅರ್ಧದಲ್ಲಿದ್ದರೂ ಕೂತುಬಿಡಬೇಕು. ನಗಬೇಡಿ, ಎಷ್ಟೋ ತಿಂಗಳು ಇದು ಚೆನ್ನಾಗಿಯೇ ನಡೆಯಿತು. ಒಂದೇ ವಿಚಿತ್ರವೆಂದರೆ ಪೂಜಾರಪ್ಪ ಗಂಗಮ್ಮನ ಮಹಿಮೆಯನ್ನು ಸಾವಕಾಶವಾಗಿ ಹುಟ್ಟಿನಿಂದ ಹೇಳಿ ಮುಗಿಸುತ್ತಿದ್ದರು, ಮಾವ ಮಾತ್ರ “ಈಗ ಗುರುತ್ವಾಕರ್ಷಣೆ ತಗೊಳ್ಳಿ” ಎನ್ನುವಷ್ಟರಲ್ಲಿ ಮೂರನೆಯ ವಿಷಲ್ ಕೂಗಿಬಿಡುತ್ತಿತ್ತು.

ಒಂದು ಭಾನುವಾರ ಮಾವನಿಗೆ ಏನೋ ಹೊಳೆದು ಅಡುಗೆಮನೆಗೆ ನುಗ್ಗಿದರು. ನಾನೂ ಪುಸ್ತಕ ಹಿಡಿದುಕೊಂಡು ಹಿಂದೆಯೇ ಓಡಿದೆ. ಪೂಜಾರಪ್ಪ ನಿಂತರೆ ಅತ್ತೆ ಗ್ಯಾಸು ಸಣ್ಣ ಮಾಡುತ್ತಿದ್ದರು, ಗಂಡ ನಿಂತರೆ ದೊಡ್ಡದು!

“ಏನೇ ಇದು ಅನ್ಯಾಯ!”

“ಅನ್ಯಾಯ ಏನ್ರೀ? ಅವರು ಮಾತಾಡೋವಾಗ ಕಡ್ಲೆಕಾಳು ಇಟ್ಟಿದ್ದೆ, ನಿಧಾನಕ್ಕೆ ಬೇಯ್ಬೇಕು. ನೀವು ಮಾತಾಡೋವಾಗ ಇಟ್ಟಿದ್ದು ಬರೀ ಬೇಳೆ.”

ಮಾವ ವರಾಂಡಕ್ಕೆ ವಾಪಸು ಬಂದು, “ಇಂಧನದ ಹಂಚಿಕೆಯಲ್ಲಿ ಪಕ್ಷಪಾತ ಕಂಡುಬಂದಿದೆ, ಬರ್ಕೊ” ಎಂದರು. ಬರೆದುಕೊಂಡೆ. ಆ ದಿನದ ಕಡಲೆಕಾಳಿನ ಹುಳಿ ಬಹಳ ಚೆನ್ನಾಗಿತ್ತು ಎಂಬುದನ್ನೂ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರೆದುಕೊಂಡೆ.

ಗೌರಿಬಿದನೂರಿನಲ್ಲಿ ನಮ್ಮ ದೊಡ್ಡಮ್ಮನ ಮಗಳ ಗೃಹಪ್ರವೇಶ ಆಯಿತು. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವಾಗ ಅದು ಪೂರ್ವಕ್ಕೆ ಉಕ್ಕಿದರೆ ಶುಭ. ಎಲ್ಲರೂ ಕೈ ಮುಗಿದುಕೊಂಡು ನಿಂತಿದ್ದರೆ ಮಾವ ನೆಲ ಸಮ ಇದೆಯೇ ಎಂದು ನೋಡುವ ರಸಮಟ್ಟವನ್ನು ಗಾರೆ ಕೆಲಸದವರ ಹತ್ತಿರ ಇಸಿದುಕೊಂಡು ತಂದು ಒಲೆಯ ಮೇಲೆ ಇಟ್ಟರು! ಒಲೆ ಪೂರ್ವಕ್ಕೆ ಒಂದು ಕೂದಲೆಳೆಯಷ್ಟು ವಾಲಿತ್ತಂತೆ. “ಇದು ಮೋಸ. ಒಲೆ ಮೊದಲೇ ವಾಲಿದ್ರೆ ದೇವ್ರು ಹೇಳೋಕೆ ಏನ್ ಉಳೀತು? ಅವನಿಗೂ ಒಂದು ಅವಕಾಶ ಕೊಡಿ” ಎಂದು ಕೆಳಗೆ ರಟ್ಟಿನ ಚೂರು ಇಟ್ಟು, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ಬಿಡಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗೋಳಾಡುತ್ತಿದ್ದರು. ಅಂತೂ ಹಾಲು ಉಕ್ಕಿತು. ಒಲೆ ಅಷ್ಟು ಸಮ ಇದ್ದದ್ದಕ್ಕೆ ನಾಲ್ಕೂ ದಿಕ್ಕಿಗೆ ಒಂದೇ ಸಲ ಉಕ್ಕಿ, ಬೆಂಕಿಯೇ ಆರಿಹೋಯಿತು! ದೊಡ್ಡಮ್ಮ ಅಳುವುದಕ್ಕೆ ಬಾಯಿ ತೆರೆದಿದ್ದರು. ಪುರೋಹಿತರು ಜಾಣರು, “ನಾಲ್ಕು ದಿಕ್ಕಿಗೂ ಶುಭ!” ಎಂದು ಕೂಗಿ ಅಕ್ಷತೆ ಎರಚಿಬಿಟ್ಟರು. ಮಾವ ಅವರ ಕೈ ಕುಲುಕಿ ನಮ್ಮ ಭಾನುವಾರದ ಸಭೆಗೆ ಆಹ್ವಾನ ಕೊಟ್ಟರು. ಅವರು ಇವತ್ತಿನವರೆಗೂ ಬಂದಿಲ್ಲ.

ಇನ್ನು ರೇಷ್ಮೆಹುಳುವಿನ ಪ್ರಯೋಗ. ಪೂಜಾರಪ್ಪ ಪೂಜೆಯ ಜೊತೆಗೆ ಹುಳು ಸಾಕುತ್ತಾರೆ, ನಮ್ಮ ಕಡೆ ಸಾಕದವರು ಯಾರು? ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕೆಟ್ಟ ದೃಷ್ಟಿ ಬಿದ್ದರೆ ಬೆಳೆ ಹೋಯಿತು ಎಂಬುದು ಪೂಜಾರಪ್ಪನ ನಂಬಿಕೆ. ದೃಷ್ಟಿಯಿಂದಲ್ಲ, ಹೊರಗಿನವರ ಕಾಲಿನ ಧೂಳಿನಿಂದ ರೋಗ ಬರುತ್ತದೆ ಎಂಬುದು ಮಾವನ ವಾದ. “ಎರಡಕ್ಕೂ ಬಾಗ್ಲು ಹಾಕೋದೇ ಮದ್ದಲ್ವಾ? ಹಾಕ್ಬಿಡಿ, ಊಟಕ್ಕೆ ಹೋಗಣ” ಎಂದು ಭಾಯ್ ತೀರ್ಪು ಕೊಟ್ಟರು. ಇಷ್ಟು ಸರಳವಾದ ತೀರ್ಪನ್ನು ಮಾವ ಒಪ್ಪುತ್ತಾರೆಯೇ? ಪ್ರಯೋಗ ಆಗಲೇಬೇಕು ಎಂದು ಹಟ ಹಿಡಿದರು. ಹುಳು ನಾಲ್ಕನೇ ಜ್ವರ ಎದ್ದಿತ್ತು. (ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮಾತ್ರೆ ಕೊಡುವಂಥದ್ದೇನಲ್ಲ!) ಎಡಗಡೆಯ ತಟ್ಟೆಗಳಿಗೆ ದೃಷ್ಟಿಬೊಟ್ಟು ಇಡುವುದು, ಬಲಗಡೆಯವಕ್ಕೆ ಇಡದೆ ಬಿಡುವುದು, ಕಾಲು ತೊಳೆದುಕೊಂಡ ಮನುಷ್ಯನಿಂದ ಎರಡರ ಮೇಲೂ ಕೆಟ್ಟ ದೃಷ್ಟಿ ಹಾಕಿಸುವುದು ಎಂದು ತೀರ್ಮಾನವಾಯಿತು.

ಆದರೆ ಕೆಟ್ಟ ದೃಷ್ಟಿಯವರನ್ನು ಎಲ್ಲಿಂದ ತರುವುದು? ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಕಣ್ಣು ಬಿದ್ದರೆ ಬಳ್ಳಿಯಲ್ಲಿರುವ ಕುಂಬಳಕಾಯಿ ಕೊಳೆಯುತ್ತದೆ ಎಂದು ಖ್ಯಾತಿ. ಮಾವ ಒಗೆದ ಶರಟು ಹಾಕಿಕೊಂಡು ನೇರವಾಗಿ ಅವರ ಮನೆಗೇ ಹೋದರು.

“ಅಜ್ಜೀ, ನಿಮ್ಮ ಕಣ್ಣು ಬಹಳ ಕೆಟ್ಟದ್ದು ಅಂತ ಊರಲ್ಲೆಲ್ಲ ಹೇಳ್ತಾರೆ. ವಿಜ್ಞಾನಕ್ಕೋಸ್ಕರ ಒಂದರ್ಧ ಗಂಟೆ ಬರ್ತೀರಾ?”

“ನೀ ನೋಟ್ಲೋ ಮನ್ನು ಪಡ!” ಎಂದು ಅಜ್ಜಿ ತೆಲುಗಿನಲ್ಲಿ ಅವರ ಬಾಯಿಗೆ ಮಣ್ಣು ಹಾಕಿ, ಕೈಗೆ ಸಿಕ್ಕ ಪೊರಕೆ ಎತ್ತಿಕೊಂಡು ರಸ್ತೆಯ ತಿರುವಿನವರೆಗೂ ಅಟ್ಟಿಸಿಕೊಂಡು ಬಂದರು. ಸ್ವಯಂಸೇವಕರು ಸಿಗದೆ ಕೊನೆಗೆ ಮಾವನೇ ಕಾಲು ತೊಳೆದುಕೊಂಡು ಹುಳುಮನೆಗೆ ಹೋಗಿ, ಹೊಟ್ಟೆಕಿಚ್ಚು ಪಡಲು ನಿಂತರು. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು.

“ಬಂತಾ ಮೇಷ್ಟ್ರೇ ಹೊಟ್ಟೆಕಿಚ್ಚು?” ಪೂಜಾರಪ್ಪ ಬಾಗಿಲ ಸಂದಿಯಿಂದ ಕೇಳಿದರು.

“ಇಲ್ಲಪ್ಪಾ, ಎಷ್ಟು ಪ್ರಯತ್ನ ಪಟ್ರೂ ಬರ್ತಾ ಇಲ್ಲ. ಪಾಪ, ಎಷ್ಟು ಶ್ರದ್ಧೆಯಿಂದ ಸೊಪ್ಪು ತಿಂತಾ ಇದಾವೆ!”

ಎರಡೂ ಕಡೆ ಗೂಡು ಚೆನ್ನಾಗಿಯೇ ಕಟ್ಟಿತು. ಗಂಗಮ್ಮನ ದಯೆ ಎಂದರು ಪೂಜಾರಪ್ಪ. ಕಾಲು ತೊಳೆದ ಮಹಿಮೆ ಎಂದರು ಮಾವ. ಇಬ್ಬರೂ ತಬ್ಬಿಕೊಂಡರು. ಏನು ಸಾಬೀತಾಯಿತು ಎಂದು ನಡಾವಳಿಯಲ್ಲಿ ಬರೆಯಬೇಕಾದ ನಾನು ಇಬ್ಬರ ಮುಖವನ್ನೂ ನೋಡಿ ಪೆನ್ನಿನ ಮುಚ್ಚಳ ಹಾಕಿದೆ.

ಇಂಥವರ ಮನೆಗೆ ಆ ಆಪರೇಷನ್ ಸುದ್ದಿ ಬಂದಿತ್ತು. ಬೇರೆ ಗಂಡಸಾಗಿದ್ದರೆ “ಹೂವೂ ಇಲ್ಲ, ಗೀವೂ ಇಲ್ಲ, ನಡಿ ಆಸ್ಪತ್ರೆಗೆ” ಎಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ನಾನೂ ಮಾವನಿಗೆ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಮಾವ ನನ್ನನ್ನು ದುರುಗುಟ್ಟಿ ನೋಡಿದರು. “ಊರಿಗೆಲ್ಲ ಇನ್ನೊಂದು ಕಡೆಯವ್ರ ಮಾತು ಕೇಳಿ ಅಂತ ಹೇಳ್ಕೊಂಡು ತಿರುಗಿ, ನನ್ನ ಹೆಂಡ್ತಿ ಮಾತನ್ನ ಮಾತ್ರ ಕೇಳ್ದೆ ಇರ್ಲಾ?” ಎಂದರು. ಆಮೇಲೆ ಡಾಕ್ಟರನ್ನೂ ಪೂಜಾರಪ್ಪನನ್ನೂ ಮಾತಿಗೆ ಕೂರಿಸುತ್ತೇನೆ ಎಂದು ಹೊರಟರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತು.

ಆ ಭಾನುವಾರ ಸಭೆಯ ಮಧ್ಯೆ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಈ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಇಟ್ಟುಕೊಳ್ಳಬಹುದು ಎಂದರು ಡಾಕ್ಟರು.

“ನಮಸ್ಕಾರ ಸಾರ್” ಎಂದರು ಪೂಜಾರಪ್ಪ ಫೋನಿಗೆ ಬಗ್ಗಿ. “ಎಷ್ಟೊತ್ತು ಹಿಡೀತದೆ?”

“ನಾಲ್ಕು ಗಂಟೆ ಆಗುತ್ತೆ.”

“ಮಂಗಳವಾರ ಒಂಬತ್ತರಿಂದ ಹತ್ತೂವರೆ ಯಮಗಂಡ ಕಾಲ ಸಾರ್. ಅಷ್ಟೊತ್ತು ಮಾತ್ರ ಸ್ವಲ್ಪ ಕೈ ತಡೆದು, ಕಾಫಿ ಗೀಫಿ ಕುಡ್ಕೊಂಡು ಬಂದ್ರೆ...”

“ಎದೆ ತೆರೆದಿಟ್ಟು ಕಾಫಿ ಕುಡಿಯೋಕೆ ಆಗುತ್ತೇನ್ರೀ!”

“ಪೂಜಾರಪ್ಪ, ಅವರ ಕಷ್ಟಾನೂ ಸ್ವಲ್ಪ ನೋಡಿ” ಎಂದು ಮಾವ ಮಧ್ಯೆ ಬಂದರು. “ಡಾಕ್ಟ್ರೇ, ಇವರ ಕಷ್ಟಾನೂ ಸ್ವಲ್ಪ ನೋಡಿ.”

ಅಂತೂ ಕೆಲಸ ಶುರುವಾಗುವ ಹೊತ್ತು ಮುಖ್ಯ, ಮುಗಿಯುವ ಹೊತ್ತಲ್ಲ ಎಂದು ಪೂಜಾರಪ್ಪ ಪಂಚಾಂಗವನ್ನು ಮಡಚಿದರು. ಡಾಕ್ಟರೂ ಮೆತ್ತಗಾಗಿ, ಎಂಟಕ್ಕೆ ಐದು ನಿಮಿಷ ಮೊದಲೇ ಶುರು ಮಾಡುತ್ತೇನೆ ಎಂದರು. ಫೋನ್ ಇಡುತ್ತಾರೆ ಎಂದುಕೊಂಡರೆ ಇಡಲಿಲ್ಲ. ಗಂಟಲು ಸರಿ ಮಾಡಿಕೊಂಡು, “ಸ್ವಾಮಿ, ನಿಮ್ಮಲ್ಲಿ ಮದುವೆ ವಿಷಯಕ್ಕೂ ಹೂ ಕೇಳ್ತಾರಾ? ನಮ್ಮ ಮಗಳಿಗೆ ಒಂದು ಸಂಬಂಧ ಬಂದಿದೆ” ಎಂದರು! ಮಾವ ಕಾರ್ಯದರ್ಶಿಯ ಕಡೆ ತಿರುಗಿ “ಬರ್ಕೊ, ಬರ್ಕೊ” ಎಂದು ಕುಣಿದಾಡಿದರು. ಒಳಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆಯೂ ನಕ್ಕರು. ನಗುತ್ತಾ ನಗುತ್ತಾ ಉಸಿರು ಸಿಕ್ಕಿಕೊಂಡು ಅಲ್ಲೇ ನೆಲದ ಮೇಲೆ ಕೂತರು. “ಡಾಕ್ಟ್ರನ್ನ ಕೇಳಿದ್ದಾಯ್ತಲ್ಲ. ಇನ್ನು ಅಮ್ಮನ್ನ ಕೇಳ್ಬೇಕು” ಎಂದರು.

ಶುಕ್ರವಾರ ಬೆಳಿಗ್ಗೆ ಭಾಯ್ ತಮ್ಮ ಕಾರಿನಲ್ಲಿ ಎಲ್ಲರನ್ನೂ ಕೆರೆಕಟ್ಟೆಗೆ ಕರೆದುಕೊಂಡು ಹೋದರು. ಗುಡಿಗೆ ಇರುವುದು ಮೂರು ಮೆಟ್ಟಿಲು. ಅತ್ತೆ ಒಂದೊಂದು ಮೆಟ್ಟಿಲಿಗೂ ನಿಂತು ಸುಧಾರಿಸಿಕೊಂಡರು. ಮಾವ ಹಿಂದೆ ಎರಡು ಕೈಯನ್ನೂ ಅರ್ಧ ಚಾಚಿಕೊಂಡು, ಮುಟ್ಟದೆ, ಹತ್ತುತ್ತಿದ್ದರು.

ಒಳಗೆ ಹೋದ ಕೂಡಲೇ ಮಾವನೊಳಗಿನ ಮೇಷ್ಟ್ರು ಎಚ್ಚೆತ್ತರು. ಫ್ಯಾನು ಆರಿಸಿದರು. ಕಿಟಕಿ ಮುಚ್ಚಿಸಿದರು. ಎರಡು ಹೂವನ್ನೂ ಅಂಗೈಯಲ್ಲಿ ತೂಗಿ ನೋಡಿ, ಒಂದು ದಪ್ಪ ಇದೆ ಎಂದು ಬದಲಾಯಿಸಿದರು. ಎರಡನ್ನೂ ಒಂದೇ ಚೊಂಬಿನಲ್ಲಿ ಅದ್ದಿಸಿದರು.

“ಬಲ ಅಂದ್ರೆ ಅಮ್ಮನ ಬಲವೋ, ನಮ್ಮ ಬಲವೋ?”

“ಅಮ್ಮನ ಬಲ ಮೇಷ್ಟ್ರೇ.”

“ಬರ್ಕೊ ಕಣಮ್ಮ. ಮೂರು ಸಲ ನೋಡೋಣ, ಒಂದೇ ಸಲ ನೋಡಿದ್ದು ಲೆಕ್ಕಕ್ಕಿಲ್ಲ.”

“ಒಂದೇ ಸಲ” ಎಂದರು ಅತ್ತೆ. “ಅಮ್ಮನ್ನ ಪರೀಕ್ಷೆ ಮಾಡಕ್ಕೆ ಬಂದಿಲ್ಲ ನಾನು.” ಮಾವ ತಲೆ ತಗ್ಗಿಸಿದರು.

ಅರ್ಧ ಗಂಟೆ ಕಳೆಯಿತು. ನನಗೆ ಭಯ, ಕೋಪ ಎರಡೂ. ಒಂದು ಹೆಣ್ಣಿನ ಜೀವ ಎರಡು ಸೇವಂತಿಗೆ ಹೂವಿನ ಮೇಲೆ ನಿಂತಿದೆಯಲ್ಲ! ನಾನು ಮೆಲ್ಲಗೆ ಅಮ್ಮನ ಬಲಗಡೆಗೆ ಜರುಗಿ, ಯಾರಿಗೂ ಕಾಣದ ಹಾಗೆ ತುಟಿ ಮುಂದೆ ಮಾಡಿ ಊದಿದೆ. ಮಾವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು, ಹೈಸ್ಕೂಲು ಹುಡುಗಿಯನ್ನು ಎಳೆಯುವ ಹಾಗೆ. ಬಾಗಿಲ ಹೊರಗೆ ನಿಂತಿದ್ದ ಭಾಯ್ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದರು.

ಹೂ ಬಿತ್ತು. ಎಡಗಡೆಯದು.

ಪೂಜಾರಪ್ಪ ಗಂಟೆ ಬಾರಿಸಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು. ಅಮ್ಮನ ಎಡ ಎಂದರೆ ನಮ್ಮ ಬಲವಲ್ಲವೇ ಎಂದು ನಾನು ಹೇಳುವವಳಿದ್ದೆ. ಆದರೆ ನನ್ನ ಕೈಬರಹದಲ್ಲೇ ಪುಸ್ತಕದಲ್ಲಿ ದಾಖಲಾಗಿತ್ತಲ್ಲ, ಹಾಳಾದ್ದು!

“ಆಯ್ತು” ಎಂದರು ಅತ್ತೆ. ಸೆರಗು ಸರಿ ಮಾಡಿಕೊಂಡರು. “ಅಮ್ಮ ಬೇಡ ಅಂದ್ಲು. ನಡೀರಿ ಮನೆಗ್ ಹೋಗಣ.”

ಒದ್ದೆ ಹೂ ಒಣಗಿದರೆ ಬೀಳುತ್ತದೆ, ಅದಕ್ಕೂ ದೇವರಿಗೂ ಸಂಬಂಧ ಇಲ್ಲ ಎಂಬ ಭಾಷಣವನ್ನು ಮಾವ ಅದೆಷ್ಟು ಸಲ ಮಾಡಿದ್ದರೋ. ಈಗಲಾದರೂ ಮಾಡಿ, ಕೂಗಾಡಿ, ಜಗಳ ತೆಗೆಯಿರಿ ಎಂದು ನಾನು ಅವರ ಮುಖ ನೋಡಿದೆ. ಅವರು ಗರ್ಭಗುಡಿಯ ಹೊಸ್ತಿಲ ಹತ್ತಿರ ಹೋಗಿ, ಇಸ್ತ್ರಿ ಮಾಡಿದ ಪಂಚೆಯಲ್ಲೇ ನೆಲದ ಮೇಲೆ ಕೂತರು.

“ತಾಯಿ, ನಿನ್ನ ಮಾತು ಪೂರ್ತಿ ಕೇಳಿಸ್ಕೊಂಡೆ, ಅಡ್ಡ ಬಾಯಿ ಹಾಕ್ಲಿಲ್ಲ. ಈಗ ನನ್ನ ಮಾತೂ ಸ್ವಲ್ಪ ಕೇಳು. ಹೂ ಯಾಕೆ ಬಿತ್ತು ಅನ್ನೋದು ಬೇಡ ಈಗ. ಮೂವತ್ತೆಂಟು ವರ್ಷ ಇವಳ ಜೊತೆ ವಾದ ಮಾಡಿದೀನಿ. ಒಂದು ಸಲಾನೂ ಗೆದ್ದಿಲ್ಲ. ಈಗ ನಾಲ್ಕು ತಿಂಗಳಿಂದ ದಿನಾ ನಾನೇ ಗೆಲ್ತಾ ಇದೀನಿ. ಅರ್ಧ ಮಾತಿಗೇ ಉಸಿರು ಸಾಲ್ದೆ ಸುಮ್ಮನಾಗ್ಬಿಡ್ತಾಳೆ. ಹಂಗೆ ಗೆಲ್ಲೋದು ನಂಗೆ ಬೇಡ ತಾಯಿ. ನಂಗೆ ಇವಳು ಬೇಕು. ಇದಕ್ಕೆ ಆಧಾರ ಗೀಧಾರ ಏನೂ ಇಲ್ಲ ನನ್ನ ಹತ್ರ. ಇವಳು ಬೇಕು, ಅಷ್ಟೇ.”

ನಾನು ಅಳುತ್ತಿದ್ದೆ. ಪೂಜಾರಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡು, “ಅಕ್ಕಾ, ಇನ್ನೊಂದು ಸಲ ಹೂ ಇಡ್ಲಾ?” ಎಂದರು.

ಅತ್ತೆ ಗಂಡನ ಬೆನ್ನನ್ನೇ ನೋಡುತ್ತಾ ನಿಂತಿದ್ದರು.

“ಬೇಡ” ಎಂದರು. “ಮೂವತ್ತೆಂಟು ವರ್ಷದಲ್ಲಿ ಈ ಮನುಷ್ಯ... ಒಂದು ದಿನ... ಈ ಮಾತು ಆಡಿಲ್ಲ.” ಉಸಿರು ತೆಗೆದುಕೊಳ್ಳಲು ನಿಂತರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಮಾವ ಕೂಡ. “ಅಮ್ಮ ಆಡಿಸ್ದೆ... ಇನ್ಯಾರು ಆಡ್ಸಿದ್ರು? ಮಂಗಳವಾರ ಬರ್ತೀವಿ ಅಂತ ಹೇಳ್ರಿ... ಆ ಡಾಕ್ಟ್ರಿಗೆ.”

ಮಾವ ಜೇಬಿನಿಂದ ಫೋನ್ ತೆಗೆದರು. ಎರಡು ಸಲ ಕರೆ ಬೇರೆ ಯಾರಿಗೋ ಹೋಯಿತು. ಮೂರನೆಯ ಸಲ ನಾನೇ ಇಸಿದುಕೊಂಡು ಮಾಡಿದೆ.